ಪಟ್ಟಿಯ ಹದಿನೇಳನೇ ಹೆಸರು

ಜನವರಿ 11

ಅಮ್ಮನವರಿಗೆ,

ನಿನ್ನೆ ಮಧ್ಯಾಹ್ನ ಲ್ಯಾಬಿಗೆ ನನ್ನ ಹೆಸರಿನಲ್ಲಿ ಒಂದು ರಿಜಿಸ್ಟರ್ಡ್ ಪತ್ರ ಬಂತು. ಬಲಗೈ ತುಂಬ ಮೇಣ ಮೆತ್ತಿಕೊಂಡಿತ್ತು. ಎಡಗೈಯಲ್ಲೇ ಸಹಿ ಗೀಚಿ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಒಡೆದೆ. ನ್ಯಾಯಾಲಯದ ಮುದ್ರೆ ಇತ್ತು. ನೀವು ದಿವಾಳಿ ಅರ್ಜಿ ಹಾಕಿದ್ದೀರಂತೆ. ನಿಮಗೆ ಸಾಲ ಕೊಟ್ಟವರಿಗೆಲ್ಲ ಈ ನೋಟಿಸು ಹೋಗಿದೆಯಂತೆ.

ಜೊತೆಗೆ ಸಾಲ ಕೊಟ್ಟವರ ಪಟ್ಟಿಯೂ ಇದೆ. ಸೋಪಿನ ಪುಡಿ ಕಂಪನಿ, ಬಾಯ್ಲರ್ ರಿಪೇರಿಯವರು, ವಿದ್ಯುತ್ ಕಚೇರಿ, ಎರಡು ಬ್ಯಾಂಕು, ಕಟ್ಟಡದ ಮಾಲೀಕರು, ಹೀಗೆ. ಹದಿನೇಳನೆಯದು ನನ್ನ ಹೆಸರು. ನಾಲ್ಕು ಲಕ್ಷ ಎಂಬತ್ತು ಸಾವಿರ. 'ಸಂಬಂಧ' ಎಂಬ ಅಂಕಣದಲ್ಲಿ 'ಮಗಳು' ಎಂದು ಬರೆದಿದೆ.

ನಾನು ನಿಮಗೆ ಯಾವತ್ತೂ ಒಂದು ಬಿಡಿಗಾಸು ಸಾಲ ಕೊಟ್ಟವಳಲ್ಲ. ಆರು ವರ್ಷದಿಂದ ಮಾತನ್ನೂ ಕೊಟ್ಟಿಲ್ಲ, ತೆಗೆದುಕೊಂಡಿಲ್ಲ. ಟೈಪು ಮಾಡಿದವರು ಎಡವಿರಬೇಕು. ತಿದ್ದಿಸಿ. ನನ್ನ ಸಹಿ ಏನಾದರೂ ಬೇಕಿದ್ದರೆ ನಿಮ್ಮ ವಕೀಲರ ಕೈಯಲ್ಲಿ ಬರೆಸಿದರೆ ಸಾಕು.

ಲಾಂಡ್ರಿ ಮುಚ್ಚಿದ ಸುದ್ದಿಯೂ ನನಗೆ ಈ ನೋಟಿಸಿನಿಂದಲೇ ಗೊತ್ತಾಯಿತು.

ನಿಮ್ಮ ಮಗಳು


ಜನವರಿ 19

ಮಗಳೇ,

ಟೈಪು ಮಾಡಿದವರು ಎಡವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪತ್ರದ ಕೊನೆಯವರೆಗೂ ಸುತ್ತು ಹೊಡೆಯುತ್ತಲೇ ಇರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ನೀನು ನನ್ನನ್ನು 'ನೀವು' ಅಂದಿದ್ದೀಯ. ಓದುವಾಗ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಇರಲಿ.

ಆಸ್ಪತ್ರೆಯವರು ತಮ್ಮದೇ ಯಂತ್ರ ತರಿಸಿಕೊಂಡರು. ದಿನಕ್ಕೆ ಇನ್ನೂರು ಹಾಸಿಗೆಯ ಬಟ್ಟೆ ಬರುತ್ತಿದ್ದದ್ದು ನಿಂತುಹೋಯಿತು. ಎರಡು ವರ್ಷ ಬಾಯ್ಲರ್ ಅರೆಹೊಟ್ಟೆಯಲ್ಲೇ ಉರಿಯಿತು. ಹೋದ ವರ್ಷ ಬ್ಯಾಂಕಿನವರು ಬಂದು ಒಗೆಯುವ ಯಂತ್ರಗಳನ್ನೂ ದೊಡ್ಡ ಇಸ್ತ್ರಿ ರೋಲರನ್ನೂ ಬಿಚ್ಚಿಕೊಂಡು ಹೋದರು. ಮಾರಿದ್ದು ಬಡ್ಡಿಗೂ ಸಾಲಲಿಲ್ಲ. ಬಡವರಿಗೆ ಪುಕ್ಕಟೆ ಕಾನೂನು ಸಹಾಯ ಕೊಡುವ ಕಚೇರಿಯಿದೆ, ಅಲ್ಲಿ ಒಬ್ಬ ವಕೀಲೆ ಸಿಕ್ಕಿದಳು. ನಿನಗಿಂತ ಚಿಕ್ಕವಳು. ಅರವತ್ತೆರಡು ಪುಟದ ಅರ್ಜಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಓದುತ್ತಾ ಹೋದಳು. ಮನೆಯಲ್ಲಿ ಎಷ್ಟು ಕುರ್ಚಿ, ಕೈಯಲ್ಲಿ ಎಷ್ಟು ನಗದು, ಯಾರಿಗಾದರೂ ಉಡುಗೊರೆ ಕೊಟ್ಟಿದ್ದೀರಾ. ಮೂವತ್ತೊಂದನೇ ಪ್ರಶ್ನೆಗೆ ಬಂದಳು. ಬೇರೆಯವರಿಗೆ ಸೇರಿದ ಹಣವನ್ನು ನೀವು ಇಟ್ಟುಕೊಂಡಿದ್ದೀರಾ, ಬಳಸಿಕೊಂಡಿದ್ದೀರಾ?

"ಇಲ್ಲ ಅಂತ ಹಾಕ್ಲಾ ಅಮ್ಮಾ?" ಅಂದಳು. ಪೆನ್ನು ಆಗಲೇ ಕಾಗದ ಮುಟ್ಟಿತ್ತು.

"ತಡಿ," ಅಂದೆ.

ಅಪ್ಪ ಕ್ರೇನಿನಿಂದ ಬಿದ್ದು ಹೋದಾಗ ಕಂಪನಿ ಪರಿಹಾರ ಕೊಟ್ಟಿತು. ಅರ್ಧ ನನಗೆ, ಅರ್ಧ ನಿನಗೆ. ನಿನಗೆ ಆಗ ಹದಿಮೂರು ವರ್ಷ. ನಿನ್ನ ಭಾಗವನ್ನು ನಿನ್ನ ಹೆಸರಿನಲ್ಲೇ ಬ್ಯಾಂಕಿನಲ್ಲಿಟ್ಟು ನನ್ನನ್ನು ಪೋಷಕಿ ಅಂತ ಮಾಡಿದರು. ನಿನಗೆ ಹದಿನೇಳಾದ ವರ್ಷ ಬಾಯ್ಲರ್ ಬಿರುಕು ಬಿಟ್ಟಿತು. ತಪಾಸಣೆಯವರು ಬಂದು ಬೀಗ ಹಾಕಿ ಸೀಲು ಒತ್ತಿದರು. ಕೆಲಸದ ಹನ್ನೊಂದು ಹೆಂಗಸರು ಬೆಳಿಗ್ಗೆ ಬಂದು ಬಾಗಿಲ ಮುಂದೆ ನಿಂತರು, ಸಂಜೆಯವರೆಗೂ ಹೋಗಲಿಲ್ಲ. ಮಾರನೇ ದಿನ ನಾನು ಬ್ಯಾಂಕಿಗೆ ಹೋದೆ. 'ಹಣ ತೆಗೆಯುವ ಕಾರಣ' ಎಂಬಲ್ಲಿ 'ಮಗಳ ಓದಿಗೆ' ಎಂದು ಬರೆದೆ.

ಅದೇ ವರ್ಷ ನೀನು ಹಲ್ಲಿನ ಡಾಕ್ಟರ್ ಆಗುತ್ತೇನೆ ಅಂದೆ. ಅಪ್ಪ ಏನೂ ಬಿಟ್ಟು ಹೋಗಿಲ್ಲ ಕಣೇ ಅಂದೆ ನಾನು. ಸತ್ತವರ ಮೇಲೆ ತಪ್ಪು ಹಾಕಿದರೆ ಎದ್ದು ಬಂದು ಅಲ್ಲಗಳೆಯುವುದಿಲ್ಲ.

ನಾಲ್ಕು ಲಕ್ಷ ಎಂಬತ್ತು ಸಾವಿರ ಅದು. ನಿನ್ನದು.

ಅಮ್ಮ


ಫೆಬ್ರವರಿ 27

ಅಮ್ಮನವರಿಗೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಓದದೆ ಹಾಗೇ ಅಂಟಿಸಿ ಕಳುಹಿಸುತ್ತೇನೆ.

ನಾನು ಏನು ಕೆಲಸ ಮಾಡುತ್ತೇನೆಂದು ನೀವು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳುಹಿಸುತ್ತಾರೆ. ನಾವು ಅದಕ್ಕೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ ಮಾಡಿ ವಾಪಸು ಕೊಡುತ್ತೇವೆ. ಎಷ್ಟೋ ಜನರ ನಗು ನನ್ನ ಕೈಯಿಂದ ಹೋಗಿದೆ. ಅವರ ಮುಖ ನಾನು ಒಂದನ್ನೂ ನೋಡಿಲ್ಲ. ನೋಡುವವರು ಡಾಕ್ಟರುಗಳು. ಒಬ್ಬರು ಫೋನಿನಲ್ಲಿ ಗದರುತ್ತಾರೆ, "ಏನಮ್ಮಾ, ಕೋರೆಹಲ್ಲು ಉದ್ದ ಆಯ್ತಲ್ಲ, ಅಷ್ಟೂ ಗೊತ್ತಾಗಲ್ವಾ?" ಅವರಿಗೂ ನನಗೂ ಒಂದೇ ವಯಸ್ಸು. ಸರಿ ಸಾರ್, ಅಂದು ಉಜ್ಜಲು ಕೂರುತ್ತೇನೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹದಿಮೂರು ವರ್ಷದಿಂದ ನಾನು ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಹೆಂಡತಿ ಮಗಳಿಗೆ ನಾಲ್ಕು ಕಾಸು ಉಳಿಸದೆ ಹೋದವರು ಎಂದು ಬೇರೆಯವರ ಮುಂದೆ ಹೇಳಿದ್ದೇನೆ. ಅವರ ಫೋಟೋ ಕೇಳಿದವರಿಗೆ ಇಲ್ಲ ಅಂದಿದ್ದೇನೆ. ಅದನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ ನೀವು?

ನಮ್ಮ ಭಾಷೆಯಲ್ಲಿ ಸಾಲ ಕೊಟ್ಟವನನ್ನೂ ಸಾಲಗಾರ ಅಂತಾರೆ, ತೆಗೆದುಕೊಂಡವನನ್ನೂ ಸಾಲಗಾರ ಅಂತಾರೆ. ನೋಟಿಸನ್ನು ಓದುತ್ತಾ ಅದೇ ತಲೆಯಲ್ಲಿ ಓಡುತ್ತಿತ್ತು. ಇಷ್ಟು ದಿನ ನಾನು ನನ್ನನ್ನೇ ಎರಡನೇ ಥರದವಳು ಅಂದುಕೊಂಡಿದ್ದೆ. ತಾಯಿಯನ್ನು ಬಿಟ್ಟು ಬಂದವಳು, ಏನೋ ಬಾಕಿ ಉಳಿಸಿಕೊಂಡವಳು ಎಂದು.

ನನ್ನ ಹಕ್ಕಿನ ಅರ್ಜಿಯನ್ನು ನ್ಯಾಯಾಲಯಕ್ಕೆ ಕಳುಹಿಸಿದ್ದೇನೆ. ಬಿಟ್ಟುಕೊಡುವ ಮನಸ್ಸಿಲ್ಲ.

ಒಂದೇ ಪ್ರಶ್ನೆ. ಇನ್ನೇನಾದರೂ ಇದೆಯಾ?

ಮಗಳು


ಮಾರ್ಚ್ 8

ಮಗಳೇ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೂರನೇ ಸಲಕ್ಕೆ ಧೈರ್ಯವಾಗಲಿಲ್ಲ. ಅರ್ಜಿ ಹಾಕಿದ್ದು ಒಳ್ಳೆಯದೇ ಆಯಿತು.

ಇಲ್ಲಿಯ ಸಮಾಚಾರ ಹೇಳುತ್ತೇನೆ. ನನ್ನ ಕಾಗದಪತ್ರ ಲೆಕ್ಕ ತಪಾಸಣೆಗೆ ಆಯ್ಕೆಯಾಗಿದೆ. ನೂರು ಅರ್ಜಿಗೆ ಒಂದನ್ನು ಚೀಟಿ ಎತ್ತಿ ಆರಿಸುತ್ತಾರಂತೆ. ಜೀವಮಾನದಲ್ಲಿ ಮೊದಲ ಸಲ ನನಗೆ ಲಾಟರಿ ಹೊಡೀತು ಅಂದೆ. ವಕೀಲೆ ನಗಲಿಲ್ಲ.

ಹೋದ ಮಂಗಳವಾರ ಆಡಿಟರ್ ಬಂದಿದ್ದರು. ತೆಳ್ಳಗಿನ ಮನುಷ್ಯ. ಅಕಾಲದ ಮಳೆಗೆ ಒದ್ದೆಯಾದ ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹತ್ತು ನಿಮಿಷ ಕೈಯಲ್ಲೇ ಹಿಡಿದು ನಿಂತಿದ್ದರು. ಆಮೇಲೆ ಒಂದೊಂದೇ ಬರೆದುಕೊಂಡರು. ಮಂಚ ಒಂದು. ಕುರ್ಚಿ ಎರಡು. ಹೊಲಿಗೆ ಯಂತ್ರ ಒಂದು, ಪೆಡಲು ಮುರಿದಿದೆ. ಅಡುಗೆಮನೆಯ ಡಬ್ಬಗಳನ್ನು ತೆರೆಸಿ ಒಳಗೆ ಕೈ ಹಾಕಿ ನೋಡಿದರು. ಕನ್ನಡಿಯ ಹತ್ತಿರ ನನ್ನ ಹಳೆಯ ಬಳೆ ಇತ್ತು.

"ಇದು ಚಿನ್ನವಾ?"

"ಹಿತ್ತಾಳೆ ಸಾರ್. ಚಿನ್ನ ಆಗಿದ್ರೆ ನೀವು ಇಲ್ಲಿಗೆ ಬರೋ ಕೆಲಸಾನೇ ಇರ್ತಿರಲಿಲ್ಲ."

"ತಪ್ಪು ತಿಳ್ಕೋಬೇಡಿ ಅಮ್ಮಾ. ಕೇಳ್ಲೇಬೇಕು ನಾನು," ಅಂದರು. ಪಾಪ, ಮುಖ ಕೆಂಪಾಯಿತು.

ಸಂಬಳದ ಪುಸ್ತಕಗಳನ್ನು ಕೇಳಿದರು. ಕೊಟ್ಟೆ. ಇಷ್ಟು ವರ್ಷದ್ದೂ ಇದೆ, ಒಂದು ಹಾಳೆ ಕಳೆದಿಲ್ಲ. ಯಾರಿಗೆ ಎಷ್ಟು, ಯಾರು ಮುಂಗಡ ತೆಗೆದುಕೊಂಡರು, ಯಾರು ರಜೆ ಹಾಕಿದರು, ಎಲ್ಲ. ಪುಟ ಮಗುಚುತ್ತಾ ಅವರೇ ಹೇಳಿದರು, "ಇಷ್ಟು ಚೊಕ್ಕವಾಗಿ ಸಂಬಳದ ಲೆಕ್ಕ ಇಟ್ಟವರನ್ನ ನಾನು ನೋಡಿಲ್ಲ." ಹಿಗ್ಗಿದೆ ನೋಡು ಒಂದು ಗಳಿಗೆ. ಆಮೇಲೆ ಆ ಚೊಕ್ಕತನ ಎಲ್ಲಿಂದ ಬಂತು ಅಂತ ನೆನಪಾಗಿ ನೆಲ ನೋಡಿದೆ.

ಕೊನೆಗೆ ಮಂಚದ ಕೆಳಗಿನ ಟ್ರಂಕು ಎಳೆದರು. ಆಸ್ಪತ್ರೆಯ ಹಳೆಯ ಬಿಲ್ಲುಗಳ ನಡುವೆ ಒಂದು ಬ್ಯಾಂಕ್ ಪುಸ್ತಕ ಸಿಕ್ಕಿತು. ಅದನ್ನು ರಸೀದಿ ಕೊಟ್ಟು ತೆಗೆದುಕೊಂಡು ಹೋದರು.

ಇನ್ನೇನಾದರೂ ಇದೆಯಾ ಅಂತ ಕೇಳಿದ್ದೀಯ. ಕರೆಂಟು ಹೋಗಿದೆ, ಅಕ್ಷರ ಕಾಣುತ್ತಿಲ್ಲ. ಇವತ್ತಿಗೆ ಇಲ್ಲಿಗೆ ನಿಲ್ಲಿಸುತ್ತೇನೆ.

ಅಮ್ಮ


ಮಾರ್ಚ್ 29

ಅಮ್ಮನವರಿಗೆ,

ಕರೆಂಟು ಬಂದಿರಬಹುದು ಈಗ.

ಆಡಿಟರ್ ನನಗೆ ಒಂದು ಕೋಷ್ಟಕ ಕಳುಹಿಸಿದ್ದಾರೆ. ನನ್ನ ಮತ್ತು ನಿಮ್ಮ ಹೆಸರಿನ ಜಂಟಿ ಖಾತೆಯದು. ನಾನು ಚಿಕ್ಕವಳಿದ್ದಾಗ ನೀವು ತೆರೆದಿಟ್ಟದ್ದಂತೆ, ಅಂಥದ್ದೊಂದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ನನಗೆ ಇಪ್ಪತ್ತು ತುಂಬಿದ ವರ್ಷದಿಂದ ಅದರಲ್ಲಿ ದುಡ್ಡು ಬೀಳುತ್ತಾ ಬಂದಿದೆ. ಒಮ್ಮೆ ಮೂರು ಸಾವಿರ, ಒಮ್ಮೆ ಎಂಟು, ಒಮ್ಮೆ ಐನೂರು ಮಾತ್ರ. ನಾಲ್ಕು ವರ್ಷದಲ್ಲಿ ಒಂದು ಲಕ್ಷ ಮೂವತ್ತೈದು ಸಾವಿರ. ಆಮೇಲೆ ಒಂದೇ ದಿನ ಅಷ್ಟನ್ನೂ ತೆಗೆದು ಖಾತೆ ಮುಚ್ಚಲಾಗಿದೆ. ಆ ದಿನ ಜೂನ್ 11.

ಜೂನ್ 7ಕ್ಕೆ ನಾನು ಮನೆಗೆ ಬಂದಿದ್ದೆ.

ಲ್ಯಾಬಿನ ಯಜಮಾನರು ಪಾಲು ಕೊಡುತ್ತೇನೆ ಅಂದಿದ್ದರು. ಒಂದು ಲಕ್ಷ ಹಾಕಿದರೆ ನಾನು ಕೂಲಿಯವಳಲ್ಲ, ಪಾಲುದಾರಳು. ಎರಡು ದಿನದೊಳಗೆ ಹೇಳಬೇಕಿತ್ತು. ಯಾರ ಮುಂದೂ ಕೈ ಒಡ್ಡದವಳು ನಿಮ್ಮ ಮುಂದೆ ಒಡ್ಡಿದೆ. ನೀವು ಇಸ್ತ್ರಿ ಮೇಜಿನ ಹತ್ತಿರ ಒಂದು ಬಿಳಿ ಹೊದಿಕೆ ಮಡಿಸುತ್ತಿದ್ದಿರಿ, ಮೂಲೆಗೆ ಮೂಲೆ ಸೇರಿಸಿ. "ನನ್ನ ಹತ್ರ ಎಲ್ಲಿದೆ?" ಅಂದಿರಿ. ಕೈ ಒಂದಿಷ್ಟೂ ನಡುಗಲಿಲ್ಲ. ಮೂಲೆ ಸರಿಯಾಗಿಯೇ ಕೂತಿತು.

ಬಾಯ್ಲರಿನ ವಿಷಯವನ್ನು ಅರ್ಥ ಮಾಡಿಕೊಳ್ಳಬೇಕೆಂದು ಎರಡು ತಿಂಗಳಿಂದ ಹೆಣಗಾಡಿದ್ದೆ. ಹನ್ನೊಂದು ಜನ ಬಾಗಿಲಲ್ಲಿ ನಿಂತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ದಾರಿ ಬಂದಿದ್ದೆ. ಈಗ ಇದು.

ಕೋಷ್ಟಕದ ಜೊತೆ ನಿಮ್ಮ ಅರ್ಜಿಯ ನಕಲೂ ಇದೆ. ಇಪ್ಪತ್ತನೇ ಪ್ರಶ್ನೆ: ಕಳೆದ ಏಳು ವರ್ಷದಲ್ಲಿ ಮುಚ್ಚಿದ ಖಾತೆಗಳಿದ್ದರೆ ಬರೆಯಿರಿ. ನೀವು 'ಇಲ್ಲ' ಎಂದು ಬರೆದಿದ್ದೀರಿ. ಕೆಳಗೆ ಸಹಿ ಹಾಕಿದ್ದೀರಿ.

ಮಗಳು


ಏಪ್ರಿಲ್ 4

ಮಗಳೇ,

ಹೌದು.

ನೀನು ಕೇಳಿದ ದಿನ ದುಡ್ಡಿತ್ತು. ತೆಗೆದದ್ದನ್ನು ತುಂಬಿಬಿಡಬೇಕೆಂದು ನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು. ಪೂರ್ತಿಯಾದ ಮೇಲೆ ನಿನ್ನ ಕೈಗೆ ಕೊಟ್ಟು ಅಪ್ಪನದು ಅಂತ ಹೇಳಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನೇ ಬಂದೆ. ಕೊಟ್ಟಿದ್ದರೆ "ಎಲ್ಲಿಂದ ಬಂತಮ್ಮ ಇಷ್ಟು?" ಅಂತ ಕೇಳುತ್ತಿದ್ದೆ. ಆ ಒಂದು ಮಾತಿಗೆ ಹೆದರಿ ಇಲ್ಲ ಅಂದೆ. ಕೈ ನಡುಗಲಿಲ್ಲ ಅಂದೆಯಲ್ಲ, ನಡುಗಬಾರದೆಂದೇ ಮಡಿಸುತ್ತಿದ್ದೆ.

ನೀನು ಬಾಗಿಲು ಬಡಿದು ಹೋದ ಮೇಲೆ ಆ ಪುಸ್ತಕ ಕಂಡರೆ ಆಗದಾಯಿತು. ಹೆಂಗಸರಿಗೆ ಎರಡು ತಿಂಗಳ ಸಂಬಳ ಬಾಕಿಯಿತ್ತು. ತೆಗೆದು ಹಂಚಿಬಿಟ್ಟೆ. ಅದೊಂದು ನೆಪವೋ ನಿಜವೋ ನನಗೂ ಈಗ ಗೊತ್ತಿಲ್ಲ.

ಅರ್ಜಿಯಲ್ಲಿ ಯಾಕೆ ಬರೆಯಲಿಲ್ಲ ಅಂದರೆ, ಬರೆದರೂ ಮೊತ್ತ ಬದಲಾಗುವುದಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹಾಕಿದ್ದು ಅಷ್ಟೇ, ತೆಗೆದದ್ದು ಅಷ್ಟೇ. ನಾಲ್ಕು ಎಂಬತ್ತು ನಾಲ್ಕು ಎಂಬತ್ತಾಗಿಯೇ ಉಳಿಯಿತು. ಮೊದಲನೆಯದನ್ನು ಬರೆಯಲು ಇದ್ದ ಧೈರ್ಯ ಅಲ್ಲಿಗೇ ಮುಗಿದುಹೋಗಿತ್ತು.

ವಕೀಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. ಜೂನ್ 12ಕ್ಕೆ ವಿಚಾರಣೆ. "ಅಮ್ಮಾ, ಇದು ಸುಳ್ಳು ಪ್ರಮಾಣ ಆಗುತ್ತೆ. ಅರ್ಜಿ ಪೂರ್ತಿ ಬಿದ್ದುಹೋಗಬಹುದು. ಆಮೇಲೆ ಹದಿನೇಳು ಜನಾನೂ ನಿಮ್ಮ ಬೆನ್ನು ಹತ್ತುತ್ತಾರೆ, ಸಾಯೋವರೆಗೂ," ಅಂದಳು. ಆಮೇಲೆ, "ಮಗಳಿಗೆ ಗೊತ್ತಿದ್ದೇ ತೆಗೆದದ್ದಾದ್ರೆ ಬೇರೆ ಮಾತು. ಅವರು ಹಾಗಂತ ಬರೆದುಕೊಟ್ರೆ ಮುಗೀತು. ಗೊತ್ತಿತ್ತಾ ಅವರಿಗೆ?" ಅಂತ ಕೇಳಿದಳು.

ನಾನು ಚೀಲ ಎತ್ತಿಕೊಂಡು ಎದ್ದು ಬಂದೆ.

ಅಮ್ಮ


ಏಪ್ರಿಲ್ 26

ಅಮ್ಮನವರಿಗೆ,

ಇದರ ಜೊತೆ ಒಂದು ಹಾಳೆ ಇದೆ. ಜಂಟಿ ಖಾತೆಯ ವಿಷಯ ನನಗೆ ಮೊದಲಿನಿಂದಲೂ ತಿಳಿದಿತ್ತು, ಎರಡು ಸಲವೂ ನನ್ನ ಒಪ್ಪಿಗೆಯಿಂದಲೇ ಹಣ ತೆಗೆಯಲಾಗಿದೆ, ನನಗೆ ಯಾವ ಬಾಕಿಯೂ ಬರಬೇಕಾಗಿಲ್ಲ ಎಂದು ಬರೆದು, ನೋಟರಿಯವರ ಮುಂದೆ ಸಹಿ ಹಾಕಿದ್ದೇನೆ. ನಿಮ್ಮ ವಕೀಲೆಗೆ ಕೊಡಿ. ನಿಮ್ಮ ಅರ್ಜಿ ಉಳಿಯುತ್ತದೆ.

ಇದು ಪ್ರೀತಿಯಿಂದ ಕೊಟ್ಟದ್ದಲ್ಲ. ನಿಮ್ಮ ಲಾಂಡ್ರಿ, ನಿಮ್ಮ ಬಾಯ್ಲರು, ನಿಮ್ಮ ಕೋಷ್ಟಕಗಳು, ಇವೆಲ್ಲ ನನ್ನ ತಲೆಯಿಂದ ಇಳಿದರೆ ಸಾಕಾಗಿದೆ. ಹಲ್ಲು ಕೂರಿಸುವಾಗ ಕೈ ತಪ್ಪುತ್ತಿದೆ. ಹೋದ ವಾರ ಎರಡು ಸೆಟ್ ವಾಪಸು ಬಂದವು.

ಇದಕ್ಕೆ ಬದಲಾಗಿ ನಾನು ಕೇಳುವುದು ಒಂದೇ. ಇನ್ನು ನನಗೆ ಬರೆಯಬೇಡಿ. ಇದಕ್ಕೂ ಉತ್ತರ ಬೇಡ.

ಮಗಳು


ಮೇ 5

ಮಗಳೇ,

ಇದು ಉತ್ತರವಲ್ಲ. ನಿನ್ನ ವಸ್ತು ನಿನಗೆ ವಾಪಸು ಕಳುಹಿಸುತ್ತಿದ್ದೇನೆ, ಅಷ್ಟೇ.

ನಾನು ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡ. ನಿನ್ನ ಹಾಳೆ ಮೂರು ದಿನ ಮೇಜಿನ ಮೇಲಿತ್ತು. ನಾಲ್ಕನೇ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ವಕೀಲೆಯ ಕಚೇರಿಯವರೆಗೂ ಹೋದೆ. ಹೊರಗಿನ ಬೆಂಚಿನಲ್ಲಿ ನನ್ನ ಹಾಗೇ ಕಾಗದದ ಕಟ್ಟು ಹಿಡಿದವರು ಸಾಲಾಗಿ ಕೂತಿದ್ದರು. ನಾನೂ ಕೂತೆ. ಒಂದು ಸಹಿಯ ಕೆಲಸ, ಆಮೇಲೆ ಫೋನು ಹೊಡೆದುಕೊಂಡರೆ ಹೆದರದೆ ಎತ್ತಬಹುದು ಎಂದುಕೊಂಡೆ. ಹೊತ್ತು ಕಳೆಯಲು ನಿನ್ನ ಹಾಳೆ ತೆಗೆದು ಓದಿದೆ. 'ನನಗೆ ಮೊದಲಿನಿಂದಲೂ ತಿಳಿದಿತ್ತು.' ನಿನ್ನ ಅಕ್ಷರ ಚಿಕ್ಕಂದಿನಿಂದಲೂ ದುಂಡಗೆ. ಅಷ್ಟು ದುಂಡಗೆ ಅಷ್ಟು ದೊಡ್ಡ ಸುಳ್ಳು.

ಸುಳ್ಳು ಹೇಳುತ್ತಾ ಬಂದವಳು ನಾನು. ಅದನ್ನು ಮುಚ್ಚಲು ಈಗ ನಿನ್ನ ಕೈಯಲ್ಲೂ ಬರೆಸಿದರೆ, ನಿನ್ನಿಂದ ಇನ್ನೊಂದು ಸಲ ತೆಗೆದ ಹಾಗೆ.

ನನ್ನ ಹೆಸರು ಕೂಗಿದರು. ಒಳಗೆ ಹೋಗಿ ನಿನ್ನ ಹಾಳೆ ಕೊಡಲಿಲ್ಲ. ತಿದ್ದುಪಡಿ ಅರ್ಜಿ ಬರೆಯಮ್ಮಾ ಅಂದೆ. ಇಪ್ಪತ್ತನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು, ಖಾತೆ ಇತ್ತು, ಮಗಳು ಕೇಳಿ ನಾಲ್ಕು ದಿನಕ್ಕೆ ತೆಗೆದೆ, ಮಗಳಿಗೆ ಗೊತ್ತಿರಲಿಲ್ಲ. ಅವಳು ಬರೆಯುತ್ತಾ ಹೋದಳು, ನಾನು ಹೇಳುತ್ತಾ ಹೋದೆ. "ಕೊನೇ ಸಲ ಕೇಳ್ತೀನಿ ಅಮ್ಮಾ, ಹಾಕ್ಲಾ?" ಅಂದಳು. "ಹಾಕು," ಅಂದೆ.

ಇನ್ನು ಬರೆಯುವುದಿಲ್ಲ. ನೀನು ಕೇಳಿದ್ದು ಅದೊಂದೇ. ಅದನ್ನಾದರೂ ಕೊಡುತ್ತೇನೆ.

ಅಮ್ಮ


ಜೂನ್ 15

ಅಮ್ಮ,

ವಿಚಾರಣೆಗೆ ಬರಬಾರದೆಂದೇ ಇದ್ದೆ. ಹಿಂದಿನ ಸಂಜೆ ಯಜಮಾನರ ಹತ್ತಿರ ರಜೆ ಕೇಳಿಬಿಟ್ಟೆ.

ಕೋಣೆ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯಲ್ಲಿ ಟೋಕನ್ ನಂಬರಿನ ಕೆಂಪು ದೀಪ. ನಾನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತಿದ್ದೆ. ನೀನು ಮುಂದೆ ಕೂತಿದ್ದೆ. ಬೆನ್ನು ಮಾತ್ರ ಕಾಣುತ್ತಿತ್ತು. ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಬಟ್ಟೆ ಮಾತ್ರ ಗರಿಗರಿ. ಲಾಂಡ್ರಿ ಮುಳುಗಿದರೂ ಇಸ್ತ್ರಿ ಮುಳುಗಿಲ್ಲವಲ್ಲ ಎಂದು ನಗು ಬಂತು, ಪಕ್ಕದವರು ತಿರುಗಿ ನೋಡಿದರು. ಅವರು ಸೋಪಿನ ಪುಡಿ ಕಂಪನಿಯವರು. "ಹದಿನೆಂಟು ವರ್ಷ ಒಂದು ದಿನ ಬಾಕಿ ಇಟ್ಟವರಲ್ಲ ಈಯಮ್ಮ. ಬೇಜಾರಾಗುತ್ತೆ," ಅಂದರು ನನಗೆ. ನಾನು ಯಾರೆಂದು ಹೇಳಲಿಲ್ಲ.

ನ್ಯಾಯಾಧೀಶರು ಕೇಳಿದ್ದು, ನೀನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ.

"ಮೊತ್ತ ಸರಿಯಾಗಿಯೇ ಇದೆಯಲ್ಲ. ಮತ್ತೆ ಈ ತಿದ್ದುಪಡಿ ಯಾಕೆ ಕೊಟ್ರಿ?"

"ಮೊತ್ತ ಸರಿ ಇದೆ ಸಾರ್. ನಡೆದದ್ದು ಸರಿ ಇಲ್ಲ."

ಅವರು ಕನ್ನಡಕ ತೆಗೆದು ನಿನ್ನನ್ನು ನೋಡಿದರು. ನೀನು ನಿಂತೇ ಇದ್ದೆ, ಮೇಜಿನ ಅಂಚು ಹಿಡಿದುಕೊಂಡು. ಆಮೇಲೆ ಗುಮಾಸ್ತರು ಕೂಗಿದರು, ಹದಿನೇಳನೇ ನಂಬರಿನವರು ಬಂದಿದ್ದಾರಾ ಎಂದು. ನಾನು ಏಳಬೇಕೆಂದು ಅಂದುಕೊಂಡಿರಲಿಲ್ಲ. ಕಾಲು ತಾನೇ ಎದ್ದಿತು.

ನನ್ನನ್ನು ಕೇಳಿದರು, ಖಾತೆಯ ವಿಷಯ ಗೊತ್ತಿತ್ತಾ ಎಂದು. ಇಲ್ಲ ಅಂದೆ. ಒಪ್ಪಿಗೆ ಕೊಟ್ಟಿದ್ರಾ? ಇಲ್ಲ. ನೀನು ತಿರುಗಿ ನೋಡಲಿಲ್ಲ, ಆದರೆ ನಿನ್ನ ಭುಜ ಇಳಿಯಿತು. ಯಾರೋ ತಲೆಯ ಮೇಲಿನ ಮೂಟೆ ಕೆಳಗಿಳಿಸಿದ ಹಾಗೆ.

"ನಿಮ್ಮ ತಾಯಿಯ ಸಾಲಗಳನ್ನ ತೊಡೆದುಹಾಕೋದಕ್ಕೆ ನಿಮ್ಮ ತಕರಾರು ಇದೆಯಾ?"

"ಬೇರೆಯವರದಕ್ಕೆ ಇಲ್ಲ."

"ನಿಮ್ಮದಕ್ಕೆ?"

ಗುಮಾಸ್ತರು ಕೆಮ್ಮಿದರು.

"ನನ್ನದು ಅವರು ಕೊಡಲಿ," ಅಂದೆ.

ಆಗ ನೀನು ತಿರುಗಿದೆ. ನಿನ್ನ ಮುಖದಲ್ಲಿ ಏನಿತ್ತೋ ನೋಡುವ ಧೈರ್ಯವಾಗದೆ ಪಕ್ಕದ ಬಾಗಿಲಿನಿಂದ ಹೊರಬಂದೆ. ಹಾಗೆ ಯಾಕೆ ಅಂದೆನೋ, ಬಸ್ಸಿನಲ್ಲಿ ಕೂತ ಮೇಲೂ ಗೊತ್ತಾಗಲಿಲ್ಲ. ಸೇಡಿಗೆ ಅಂದೆ ಅಂತ ನೀನು ತಿಳಿದರೆ, ಅಲ್ಲ ಎಂದು ಹೇಳುವಷ್ಟು ಖಾತ್ರಿ ನನಗಿಲ್ಲ. ಪೂರ್ತಿ ಹೌದೂ ಅಲ್ಲ.

ಬರೆಯಬೇಡಿ ಅಂದದ್ದು ನಾನೇ. ತೀರ್ಪು ಏನಾಯಿತೆಂದು ತಿಳಿಸು.

ಮಗಳು


ಆಗಸ್ಟ್ 30

ಮಗಳೇ,

ಆದೇಶ ಬರಲು ಇಷ್ಟು ದಿನ ಹಿಡಿಯಿತು. ಕೈಗೆ ಬಂದ ಮೇಲೆ ಬರೆಯೋಣ ಎಂದು ಕಾದೆ.

ನಾನೇ ಮುಂದೆ ಬಂದು ತಿದ್ದಿಕೊಂಡದ್ದರಿಂದ ಸುಳ್ಳು ಪ್ರಮಾಣದ ವಿಷಯ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಹದಿನಾರು ಸಾಲ ತೊಡೆದುಹೋಗಿದೆ. ಬ್ಯಾಂಕು, ವಿದ್ಯುತ್ತು, ಸೋಪಿನ ಪುಡಿ, ಯಾರೂ ಇನ್ನು ಕೇಳುವಂತಿಲ್ಲ. ಹದಿನೇಳನೆಯದು ಮಾತ್ರ ಉಳಿದಿದೆ. ಮಗುವಿನ ಹಣವನ್ನು ಪೋಷಕಿ ಬಳಸಿದ್ದು ಸಾಲವಲ್ಲ, ನಂಬಿಕೆಯ ಮುರಿತ, ಅದು ದಿವಾಳಿಯಲ್ಲಿ ಕರಗುವುದಿಲ್ಲ ಅಂತ ಬರೆದಿದ್ದಾರೆ. ವಕೀಲೆಯ ಕೈಯಲ್ಲಿ ಆ ಸಾಲನ್ನು ಎರಡು ಸಲ ಓದಿಸಿದೆ. "ಖುಷಿಯಾಯ್ತಾ ಅಮ್ಮಾ?" ಅಂದಳು. ಸೋಪಿನ ಪುಡಿಯವರಿಗೆ ಒಂದು ಕಾರ್ಡು ಬರೆದೆ. ಕೊಡಲು ಆಗಲಿಲ್ಲ, ಮನ್ನಿಸಿ ಅಂತ.

ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ದಿಂಬಿನ ಚೀಲಕ್ಕೆ ಇಸ್ತ್ರಿ. ನನ್ನ ಮೇಲ್ವಿಚಾರಕಿ ಯಾರು ಗೊತ್ತಾ? ನಮ್ಮಲ್ಲಿ ಒಗೆಯಲು ಸೇರಿದ್ದಳಲ್ಲ, ಎಲ್ಲರಿಗಿಂತ ಕುಳ್ಳಿ, ಅವಳೇ. ಮೊದಲ ದಿನ ನನ್ನನ್ನು ನೋಡಿ ಅವಳೇ ಎದ್ದು ನಿಂತುಬಿಟ್ಟಳು. "ಕೂತ್ಕೊಳ್ಳೇ, ಈಗ ನೀನು ಯಜಮಾನಿ," ಅಂದೆ. ಇಬ್ಬರೂ ಸ್ವಲ್ಪ ಅತ್ತೆವು, ಆಮೇಲೆ ಸೆಕೆ ಅಂತ ಬೈದುಕೊಂಡು ಕೆಲಸಕ್ಕೆ ಇಳಿದೆವು.

ಸಂಬಳ ನೋಡಿ ತಿಂಗಳಿಗೆ ಎರಡು ಸಾವಿರ ಎಂದು ಕಂತು ಗೊತ್ತು ಮಾಡಿದ್ದಾರೆ. ಮೊದಲನೆಯದನ್ನು ಮನಿಯಾರ್ಡರ್ ಮಾಡಿದ್ದೇನೆ.

ಇದರ ಜೊತೆ ಒಂದು ಫಾರಂ ಇದೆ. ನಿನಗೆ ಬೇಡ ಅನ್ನಿಸಿದರೆ ಅದನ್ನು ತುಂಬಿ ಕಳುಹಿಸಬಹುದು, ಉಳಿದದ್ದು ಮನ್ನಾ ಆಗುತ್ತದೆ. ನಿನಗೆ ತಲುಪಿಸಲೇಬೇಕಂತೆ, ಅದಕ್ಕೆ ಇಟ್ಟಿದ್ದೇನೆ. ನೀನು ಏನು ಮಾಡಿದರೂ ನಾನು ಕೇಳುವವಳಲ್ಲ.

ಅಮ್ಮ


ಸೆಪ್ಟೆಂಬರ್ 14

ಅಮ್ಮ,

ಎರಡು ಸಾವಿರ ಮುಟ್ಟಿತು.

ಫಾರಂ ಅನ್ನು ತುಂಬಲು ಕೂತಿದ್ದೆ. ಹೆಸರು ಬರೆದೆ, ವಿಳಾಸ ಬರೆದೆ. 'ಮನ್ನಾ ಮಾಡುವ ಕಾರಣ' ಎಂಬಲ್ಲಿಗೆ ಬಂದು ನಿಂತೆ. ಕ್ಷಮಿಸಿದ್ದೇನೆ ಎಂದು ಬರೆದರೆ ನಿಜವಾಗುವುದಿಲ್ಲ. ನೀನು ಅಷ್ಟು ಕಷ್ಟಪಟ್ಟು ನಿಜ ಬರೆದ ಮೇಲೆ ನಾನು ಒಂದು ಸುಳ್ಳು ಸೇರಿಸಲಾರೆ. ಫಾರಂ ಹರಿದು ಹಾಕಿದ್ದೇನೆ.

ಹಲ್ಲಿನ ಡಾಕ್ಟರ್ ಆಗುವ ವಯಸ್ಸು ಕಳೆಯಿತು. ಅದು ಯಾವ ಕಂತಿನಲ್ಲೂ ಬರುವುದಿಲ್ಲ. ಕೆಲವು ದಿನ ಅದರ ಸಿಟ್ಟು ಇರುತ್ತದೆ, ಕೆಲವು ದಿನ ಇರುವುದಿಲ್ಲ. ಇದ್ದ ದಿನ ನಿನಗೆ ಹೇಳುತ್ತೇನೆ. ನೀನು ಕೇಳಿಸಿಕೊಳ್ಳಬೇಕು.

ತಿಂಗಳಿಗೆ ಎರಡು ಸಾವಿರದ ಲೆಕ್ಕದಲ್ಲಿ ಇಪ್ಪತ್ತು ವರ್ಷ ಬೇಕು. ಆಗ ನಿನಗೆ ಎಪ್ಪತ್ತೆಂಟು. ಅಲ್ಲಿಯವರೆಗೆ ನೀನು ಇರಬೇಕಾಗುತ್ತದೆ.

ಮುಂದಿನ ತಿಂಗಳಿಂದ ಮನಿಯಾರ್ಡರ್ ಬೇಡ. ತಂದು ಕೊಡು. ನನಗೆ ಭಾನುವಾರ ರಜೆ. ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ಹನ್ನೊಂದರ ಒಳಗೆ ಬರುತ್ತೀಯ. ಅಂಚೆ ಕಚೇರಿಯ ಹಿಂದಿನ ಬೀದಿ, ಹಳದಿ ಕಟ್ಟಡ, ಮೂರನೇ ಮಹಡಿ, ಎಡಗಡೆಯ ಬಾಗಿಲು. ಲಿಫ್ಟ್ ಇಲ್ಲ. ನಿಧಾನವಾಗಿ ಹತ್ತು.

ಮಗಳು